ಮೇಲಿನ ಸೆಟ್ಟು ಗಟ್ಟಿ, ಕೆಳಗಿನದು ಸಡಿಲ: ಡೆಂಚರೋ ಇಂಪ್ಲಾಂಟೋ ಎಂಬ ಪ್ರಶ್ನೆಯ ಒಂದು ಪ್ರಕರಣ ಅಧ್ಯಯನ

ಅರವತ್ನಾಲ್ಕು ವರ್ಷದ ಮಹಿಳೆ. ಬಾಯಲ್ಲಿ ಸ್ವಂತದ ಹಲ್ಲು ಒಂದೂ ಇಲ್ಲ. ಮೇಲಿನವನ್ನು ಕೀಳಿಸಿ 11 ವರ್ಷ, ಕೆಳಗಿನವನ್ನು ಕೀಳಿಸಿ 9 ವರ್ಷ. ಎರಡೂ ದವಡೆಗೆ ಅಕ್ರಿಲಿಕ್ ಸೆಟ್ಟುಗಳಿವೆ, ಅಂದರೆ ತೆಗೆದು ಹಾಕುವ ಡೆಂಚರ್‌ಗಳು. ಮೇಲಿನದು ಕೂತಲ್ಲಿ ಕೂತಿರುತ್ತದೆ. ಕೆಳಗಿನದು ಮಾತಾಡಿದರೆ ಏಳುತ್ತದೆ, ಅಗಿದರೆ ಜಾರುತ್ತದೆ, ಅಡಿಯಲ್ಲಿ ಆಹಾರದ ಚೂರು ಸೇರಿ ಚುಚ್ಚುತ್ತದೆ. ಹೀಗಾಗಿ ಊಟಕ್ಕೆ ಕೂತಾಗ ಅದನ್ನು ತೆಗೆದಿಟ್ಟು, ನಾಲ್ಕು ಜನರ ಮುಂದೆ ಹೋಗುವಾಗ ಅಂಟು ಬಳಿದು ಹಾಕಿಕೊಳ್ಳುವುದು ರೂಢಿಯಾಗಿತ್ತು. ಅವರ ಬೇಡಿಕೆ ಒಂದೇ: ಮೇಲೆ ಕೆಳಗೆ ಎರಡಕ್ಕೂ ಇಂಪ್ಲಾಂಟ್ (ದವಡೆಮೂಳೆಯಲ್ಲಿ ಕೂರಿಸುವ ಟೈಟಾನಿಯಂ ಸ್ಕ್ರೂ) ಹಾಕಿ, ತೆಗೆದು ಹಾಕುವ ಸೆಟ್ಟಿನ ಸಹವಾಸವೇ ಬೇಡ.

ಇಂಥದೇ ಹಲವು ಬಾಯಿಗಳಲ್ಲಿ ಕಾಣುವ ಸಂಗತಿಗಳನ್ನು ಒಟ್ಟುಗೂಡಿಸಿ ಬರೆದ ಮಾದರಿ ಪ್ರಕರಣ ಇದು. ಕೊನೆಗೆ ಆದ ತೀರ್ಮಾನ ಅವರು ಕೇಳಿದ್ದಲ್ಲ: ಮೇಲಿನ ದವಡೆಗೆ ಹೊಸ ಸಾದಾ ಡೆಂಚರ್, ಕೆಳಗಿನ ದವಡೆಗೆ ಎರಡೇ ಎರಡು ಇಂಪ್ಲಾಂಟ್ ಮತ್ತು ಅವುಗಳಿಗೆ ಕಚ್ಚಿಕೊಳ್ಳುವ, ತೆಗೆದು ಹಾಕಬಹುದಾದ ಡೆಂಚರ್. ಎರಡು ದವಡೆಗಳನ್ನು ಒಂದೇ ಸಮಸ್ಯೆ ಎಂದು ನೋಡಿದ್ದರೆ ಈ ತೀರ್ಮಾನ ಬರುತ್ತಿರಲಿಲ್ಲ.

ಮೂಳೆ ನೋಡುವ ಮೊದಲು ಹಳೆಯ ಸೆಟ್ಟನ್ನು ನೋಡಬೇಕು

ಇಂಪ್ಲಾಂಟ್ ಎಂದ ಕೂಡಲೇ ಸ್ಕ್ಯಾನ್‌ಗೆ ಬರೆದುಕೊಡುವುದು ಅವಸರ. ಕೆಳಗಿನ ಡೆಂಚರ್ ನಿಲ್ಲದಿರುವುದಕ್ಕೆ ಮೂಳೆ ಕಾರಣವೋ ಡೆಂಚರೇ ಕಾರಣವೋ ಎಂಬುದು ಮೊದಲು ಇತ್ಯರ್ಥವಾಗಬೇಕು. ಇಲ್ಲಿ ಎರಡೂ ಇದ್ದವು.

ಹಳೆಯ ಕೆಳಸೆಟ್ಟಿನ ಅಂಚು ಗಿಡ್ಡ. ಕಟ್ಟಕಡೆಯ ದವಡೆಹಲ್ಲಿನ ಹಿಂದೆ ಇರುವ ಮೆತ್ತನೆಯ ಉಬ್ಬನ್ನು ಅದು ಮುಚ್ಚಿರಲಿಲ್ಲ. ಕೆನ್ನೆಯ ಬದಿಯಲ್ಲಿ ದವಡೆಮೂಳೆ ಅಗಲವಾಗಿ ಚಪ್ಪಟೆಯಾಗಿರುವ ಜಾಗವಿದೆ. ಕೆಳಗಿನ ಡೆಂಚರಿನ ಭಾರ ಹೊರಬೇಕಾದದ್ದು ಮುಖ್ಯವಾಗಿ ಆ ಜಾಗವೇ, ಆದರೆ ಅಲ್ಲಿಗೆ ಅಂಚು ತಲುಪಿರಲೇ ಇಲ್ಲ. ಹಿಂದಿನ ಹಲ್ಲುಗಳನ್ನು ನಾಲಿಗೆಯ ಕಡೆಗೆ ಒತ್ತಿ ಜೋಡಿಸಿದ್ದರು. ನಾಲಿಗೆಗೆ ಜಾಗ ಸಾಲದೆ ಮಾತಿಗೊಮ್ಮೆ ಅದು ಸೆಟ್ಟನ್ನು ಎತ್ತುತ್ತಿತ್ತು. ಅಕ್ರಿಲಿಕ್ ಹಲ್ಲುಗಳು ಸವೆದು, ಬಾಯಿ ಮುಚ್ಚಿದಾಗ ಗದ್ದ ಮೂಗಿನ ಹತ್ತಿರಕ್ಕೆ ಬರುತ್ತಿತ್ತು. ದವಡೆ ವಿಶ್ರಾಂತಿಯಲ್ಲಿದ್ದಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿ.ಮೀ. ಅಂತರವಿರಬೇಕು. ಇಲ್ಲಿ 7 ಮಿ.ಮೀ. ಇತ್ತು. ತುಟಿಯ ಮೂಲೆಗಳು ಬಿರಿದಿದ್ದಕ್ಕೆ ಇದೂ ಒಂದು ಕಾರಣ. ಮೇಲಿನ ಸೆಟ್ಟನ್ನು ರಾತ್ರಿಯೂ ತೆಗೆಯದೆ ಮಲಗುತ್ತಿದ್ದುದರಿಂದ ಬಾಯಿಯ ಅಂಗುಳ ಸೆಟ್ಟಿನ ಗಡಿಯವರೆಗೆ ಸರಿಯಾಗಿ ಕೆಂಪಾಗಿತ್ತು. ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಕೆಲಸ.

ಇನ್ನೊಂದು ದೂರು: ಗಟ್ಟಿ ಪದಾರ್ಥ ಅಗಿದರೆ ಬಲಗಡೆ ಕೆಳತುಟಿಗೆ ಕರೆಂಟು ಹೊಡೆದಂಥ ನೋವು. ಬೆರಳಿನಿಂದ ಒಸಡನ್ನು ಒತ್ತುತ್ತಾ ಹೋದಾಗ ಕಿರುದವಡೆ ಹಲ್ಲಿದ್ದ ಜಾಗದಲ್ಲಿ ಅದೇ ನೋವು ಮರುಕಳಿಸಿತು. ಕೆಳತುಟಿಗೆ ಸ್ಪರ್ಶಜ್ಞಾನ ಒಯ್ಯುವ ನರ ಮೂಳೆಯಿಂದ ಹೊರಬರುವ ರಂಧ್ರ ಸಾಮಾನ್ಯವಾಗಿ ಒಸಡಿನ ದಿಂಡಿನಿಂದ ಸಾಕಷ್ಟು ಕೆಳಗಿರುತ್ತದೆ. ಮೂಳೆ ಸವೆದು ಸವೆದು ದಿಂಡೇ ಇಳಿದಾಗ ರಂಧ್ರ ಮೇಲ್ಮೈಗೆ ಬಂದು, ಡೆಂಚರ್ ನೇರ ನರದ ಮೇಲೆ ಕೂರುತ್ತದೆ.

ಅಂಟಿನ ವಿಷಯವನ್ನೂ ಕೇಳಲೇಬೇಕು. ಕೆಲವು ಡೆಂಚರ್ ಅಂಟುಗಳಲ್ಲಿ ಸತು ಇರುತ್ತದೆ. ಅತಿಯಾಗಿ, ವರ್ಷಗಟ್ಟಲೆ ಬಳಸಿದರೆ ದೇಹದಲ್ಲಿ ತಾಮ್ರ ಕಡಿಮೆಯಾಗಿ ಕೈಕಾಲು ಜೋಮು ಹಿಡಿಯುವ ನರದೋಷ ಬರಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದನ್ನು ಸಕ್ಕರೆಯ ಲೆಕ್ಕಕ್ಕೆ ಬರೆದು ಸುಮ್ಮನಾಗುವ ಸಂಭವವಿದೆ. ಇವರಿಗೆ ಜೋಮು ಇರಲಿಲ್ಲ. ಆದರೂ ಸತುವಿಲ್ಲದ ಅಂಟಿಗೆ ಬದಲಾಯಿಸಲಾಯಿತು.

ಆರೋಗ್ಯದ ಲೆಕ್ಕ

ಮೂರು ಸಂಗತಿಗಳು ತೀರ್ಮಾನದ ಮೇಲೆ ಪರಿಣಾಮ ಬೀರುವಂಥವು. ಒಂದು, ಟೈಪ್ 2 ಸಕ್ಕರೆ ಕಾಯಿಲೆ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.9. ಸಕ್ಕರೆ ಕಾಯಿಲೆ ಇರುವುದೇ ಇಂಪ್ಲಾಂಟ್‌ಗೆ ಅಡ್ಡಿಯಲ್ಲ, ಹತೋಟಿಯಲ್ಲಿ ಇಲ್ಲದಿರುವುದು ಅಡ್ಡಿ: ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕು ಬೇಗ ಹಿಡಿಯುತ್ತದೆ. ಏಳರ ಆಸುಪಾಸಿಗೆ ಇಳಿಸುವ ಗುರಿಯನ್ನು ಅವರ ವೈದ್ಯರೊಡನೆ ಮಾತಾಡಿ ಇಟ್ಟುಕೊಳ್ಳಲಾಯಿತು.

ಎರಡು, ಮೂಳೆ ಸವೆತಕ್ಕೆ ವಾರಕ್ಕೊಮ್ಮೆ 70 ಮಿ.ಗ್ರಾಂ. ಅಲೆಂಡ್ರೊನೇಟ್ ಮಾತ್ರೆ, ಎರಡು ವರ್ಷದಿಂದ. ಈ ಗುಂಪಿನ ಔಷಧ ತೆಗೆದುಕೊಳ್ಳುವವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ದವಡೆಮೂಳೆ ಮಾಯದೆ ಸತ್ತುಹೋಗುವ ಅಪಾಯವಿದೆ. ಮೂಳೆ ಸವೆತಕ್ಕೆಂದು ಬಾಯಿಯ ಮೂಲಕ ತೆಗೆದುಕೊಳ್ಳುವವರಲ್ಲಿ ಆ ಅಪಾಯ ತೀರಾ ಕಡಿಮೆ. ಕ್ಯಾನ್ಸರ್‌ಗಾಗಿ ರಕ್ತನಾಳದ ಮೂಲಕ ಹೆಚ್ಚಿನ ಪ್ರಮಾಣದಲ್ಲಿ ಪಡೆಯುವವರ ಕಥೆ ಬೇರೆ, ಅವರಿಗೆ ಇಂಪ್ಲಾಂಟ್ ಬೇಡವೆನ್ನುವುದೇ ಸರಿ. ಮಾತ್ರೆಯನ್ನು ತಾವೇ ನಿಲ್ಲಿಸಬಾರದೆಂದು ಇವರಿಗೆ ಒತ್ತಿ ಹೇಳಬೇಕಾಯಿತು: ದವಡೆ ಉಳಿಸಲು ಹೋಗಿ ಸೊಂಟದ ಮೂಳೆ ಮುರಿದುಕೊಂಡರೆ ಏನು ಲಾಭ.

ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಬೆರಳುಗಳಲ್ಲಿ ಸಂಧಿವಾತ. ಬಾಟಲಿಯ ಮುಚ್ಚಳ ತಿರುಗಿಸಲು ಕಷ್ಟ. ಇಂಪ್ಲಾಂಟ್ ಸುತ್ತ ಸಣ್ಣ ಬ್ರಷ್ ಆಡಿಸಬೇಕಾದ ಕೈ ಇದು. ಗಟ್ಟಿಯಾಗಿ ಕಚ್ಚಿದ ಡೆಂಚರನ್ನು ಕೀಳಬೇಕಾದ ಕೈಯೂ ಇದೇ.

ಧೂಮಪಾನವಿಲ್ಲ. ಇದ್ದಿದ್ದರೆ ಇಂಪ್ಲಾಂಟ್ ಸೋಲುವ ಸಾಧ್ಯತೆ ಸುಮಾರು ಇಮ್ಮಡಿ ಎಂದು ಹೇಳಬೇಕಾಗುತ್ತಿತ್ತು.

ಸ್ಕ್ಯಾನ್ ಹೇಳಿದ್ದು

ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನಿನಲ್ಲಿ ಕೆಳದವಡೆಯ ಮುಂಭಾಗ, ಎರಡು ನರರಂಧ್ರಗಳ ನಡುವೆ, 16 ಮಿ.ಮೀ. ಎತ್ತರದ ಮೂಳೆ. ತುದಿಯಲ್ಲಿ ಚಾಕುವಿನಂತೆ ತೆಳು, ಬರೀ 4 ಮಿ.ಮೀ. ಆದರೆ ಮೂರು ಮಿ.ಮೀ. ಕೆಳಗೆ ಹೋದರೆ 7 ಮಿ.ಮೀ. ಅಗಲ. ಹಿಂಭಾಗದಲ್ಲಿ ನರದ ಕಾಲುವೆಯ ಮೇಲೆ 6 ಮಿ.ಮೀ. ಮಾತ್ರ. ಕಾಲುವೆಯಿಂದ ಕನಿಷ್ಠ 2 ಮಿ.ಮೀ. ದೂರ ಬಿಡಬೇಕಾದ್ದರಿಂದ ಅಲ್ಲಿ ಮಾಮೂಲಿ ಉದ್ದದ ಇಂಪ್ಲಾಂಟ್ ಕೂರದು. ಮೇಲಿನ ದವಡೆಯಲ್ಲಿ ಹಿಂದೆ ಸೈನಸ್ (ಮೂಗಿನ ಪಕ್ಕದ ಗಾಳಿಗೂಡು) ಕೆಳಗೆ 3-4 ಮಿ.ಮೀ. ಮೂಳೆ, ಮುಂದೆ 3 ಮಿ.ಮೀ. ಅಗಲ.

ಕೆಳದವಡೆಯೇ ಹೆಚ್ಚು ಸವೆಯುವುದು ಆಕಸ್ಮಿಕವಲ್ಲ. ಪೂರ್ತಿ ಡೆಂಚರ್ ಧರಿಸುವವರನ್ನು 25 ವರ್ಷ ಹಿಂಬಾಲಿಸಿದ ಟಾಲ್‌ಗ್ರೆನ್ ಅವರ 1972ರ ಅಧ್ಯಯನದಲ್ಲಿ ಕೆಳದವಡೆಯ ಮುಂಭಾಗದ ಮೂಳೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಕರಗಿತ್ತು. ಮೇಲಿನ ಡೆಂಚರಿಗೆ ಇಡೀ ಅಂಗುಳ ಆಸರೆ ಕೊಡುತ್ತದೆ, ಒದ್ದೆ ಗಾಜಿಗೆ ಗಾಜು ಅಂಟಿದಂತೆ ಜೊಲ್ಲಿನ ತೆಳುಪದರ ಅದನ್ನು ಹಿಡಿದಿಡುತ್ತದೆ. ಕೆಳಗಿನ ಡೆಂಚರಿಗೆ ಸಿಗುವುದು ಹೆಚ್ಚೂ ಕಡಿಮೆ ಅರ್ಧದಷ್ಟು ಜಾಗ, ಅದೂ ಕುದುರೆ ಲಾಳದ ಆಕಾರದ್ದು. ಮಧ್ಯೆ ಸದಾ ಆಡುವ ನಾಲಿಗೆ. ಕಡಿಮೆ ಜಾಗದ ಮೇಲೆ ಅಷ್ಟೇ ಭಾರ ಬಿದ್ದು ಮೂಳೆ ಇನ್ನಷ್ಟು ಸವೆಯುತ್ತದೆ.

ಮುಂದಿದ್ದ ದಾರಿಗಳು

ಎರಡೂ ದವಡೆಗೆ ಹೊಸ ಸಾದಾ ಡೆಂಚರ್: ಶಸ್ತ್ರಚಿಕಿತ್ಸೆ ಇಲ್ಲ, ಐದಾರು ಭೇಟಿಯಲ್ಲಿ ಮುಗಿಯುತ್ತದೆ. ಅಂಚು, ಎತ್ತರ, ಹಲ್ಲಿನ ಜಾಗ ಸರಿಯಾದರೆ ಕೆಳಗಿನದೂ ಖಂಡಿತ ಸುಧಾರಿಸುತ್ತದೆ. ಆದರೆ ನಿಲುವಿಗೆ ಮೂಳೆಯ ಮಿತಿ ಇದ್ದೇ ಇದೆ.

ಕೆಳಗೆ ನಾಲ್ಕೈದು ಇಂಪ್ಲಾಂಟ್ ಹಾಕಿ ಸ್ಕ್ರೂ ಬಿಗಿದ ಸ್ಥಿರ ಹಲ್ಲು: ಅಗಿಯಲು ಇದಕ್ಕಿಂತ ಗಟ್ಟಿ ಇನ್ನೊಂದಿಲ್ಲ. ಆದರೆ ಅದರ ಕೆಳಗೆ ನಿತ್ಯ ದಾರ ಹಾಯಿಸಿ, ಸಣ್ಣ ಬ್ರಷ್ ತೂರಿಸಿ ತೊಳೆಯಬೇಕು. ಸಂಧಿವಾತದ ಬೆರಳಿಗೆ ಅದು ಆಗದ ಮಾತು. ತೊಳೆಯದಿದ್ದರೆ ಇಂಪ್ಲಾಂಟ್ ಸುತ್ತಲಿನ ಒಸಡು ಉರಿದು, ಮುಂದೆ ಮೂಳೆಯೂ ಕರಗುತ್ತದೆ. ಜೊತೆಗೆ, ಕೆಳಗೆ ಬಂಡೆಯಂತೆ ಕೂತ ಹಲ್ಲು ಮೇಲಿನ ಸಾದಾ ಡೆಂಚರಿನ ಮುಂಭಾಗವನ್ನು ಗುದ್ದಿ ಗುದ್ದಿ ಅಲ್ಲಿನ ಮೂಳೆಯನ್ನು ಜೋಲುವ ಮಾಂಸ ಮಾಡಿಬಿಡುವ ಅಪಾಯವಿದೆ.

ಮೇಲಿನ ದವಡೆಗೂ ಇಂಪ್ಲಾಂಟ್: ಸೈನಸ್ ತಳ ಎತ್ತಿ ಮೂಳೆ ತುಂಬಬೇಕು, ತಿಂಗಳುಗಟ್ಟಲೆ ಕಾಯಬೇಕು, ಕನಿಷ್ಠ ನಾಲ್ಕು ಇಂಪ್ಲಾಂಟ್ ಬೇಕು. ಹತೋಟಿಗೆ ಈಗಷ್ಟೇ ಬರುತ್ತಿರುವ ಸಕ್ಕರೆ, ಮೇಲೆ ಅಲೆಂಡ್ರೊನೇಟ್. ಇಷ್ಟೆಲ್ಲ ಮಾಡಿ ಪರಿಹರಿಸಬೇಕಾದ ತೊಂದರೆ ಏನು? ಮೇಲಿನ ಸೆಟ್ಟು ನಿಲ್ಲುತ್ತಿದೆ. ಅವರಿಗೆ ವಾಕರಿಕೆಯಿಲ್ಲ. ರುಚಿಯ ದೂರೂ ಇಲ್ಲ. ಇದ್ದಿದ್ದರೆ ಮಾತು ಬೇರೆಯಾಗುತ್ತಿತ್ತು.

ಕೆಳಗೆ ಎರಡು ಇಂಪ್ಲಾಂಟ್, ಮೇಲೆ ಡೆಂಚರ್: ಹಲ್ಲಿಲ್ಲದ ಕೆಳದವಡೆಗೆ ಸಾದಾ ಡೆಂಚರ್ ಬದಲು ಎರಡು ಇಂಪ್ಲಾಂಟ್ ಆಧರಿಸಿದ ಡೆಂಚರೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಒಮ್ಮತಕ್ಕೆ ಬಂದಿದ್ದರು. ಈ ಬಾಯಿಗೆ ಆ ಮಾತು ಅಕ್ಷರಶಃ ಹೊಂದುತ್ತದೆ. ಡೆಂಚರನ್ನು ಹೊರತೆಗೆದು ನಲ್ಲಿಯ ಕೆಳಗೆ ಉಜ್ಜಬಹುದು. ಬಾಯಲ್ಲಿ ಉಳಿಯುವ, ಇಂಪ್ಲಾಂಟ್ ತಲೆಗೆ ಬಿಗಿದ, ಅಂಗಿಯ ಗುಂಡಿಯಂಥ ಎರಡು ಗುಂಡಿಗಳನ್ನು ಮೆತ್ತನೆಯ ಬ್ರಷ್‌ನಲ್ಲಿ ತಿಕ್ಕಿದರೆ ಸಾಕು.

ಇಂಪ್ಲಾಂಟ್ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆ ಇವರದೂ ಆಗಿತ್ತು. ಟೈಟಾನಿಯಂ ಮೂಳೆಯೊಡನೆ ಬೆಸೆಯುವುದನ್ನು 1952ರಲ್ಲಿ ಮೊಲದ ಕಾಲಿನಲ್ಲಿ ಗಮನಿಸಿದ ಸ್ವೀಡನ್ನಿನ ಬ್ರೊನೆಮಾರ್ಕ್, 1965ರಲ್ಲಿ ಯೋಸ್ತಾ ಲಾರ್ಸನ್ ಎಂಬವರ ಕೆಳದವಡೆಗೆ ಹಾಕಿದ ಇಂಪ್ಲಾಂಟ್‌ಗಳು 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ ಕೆಲಸ ಮಾಡಿದವು. ಮೂಳೆಯಲ್ಲಿ ಕೂತ ಸ್ಕ್ರೂ ದಶಕಗಟ್ಟಲೆ ಇರಬಲ್ಲದು. ಅದರ ಮೇಲಿನ ಡೆಂಚರ್, ಡೆಂಚರಿನೊಳಗೆ ಗುಂಡಿಯನ್ನು ಹಿಡಿಯುವ ನೈಲಾನ್ ತುಂಡು, ಅಕ್ರಿಲಿಕ್ ಹಲ್ಲು ಸವೆಯುತ್ತವೆ, ಬದಲಾಯಿಸಬೇಕು. ಒಮ್ಮೆ ಹಾಕಿಸಿಕೊಂಡರೆ ಮುಗಿಯಿತು ಎಂಬ ಭರವಸೆ ಕೊಡಲಾಗದು.

ಮೊದಲು ಒಳ್ಳೆಯ ಡೆಂಚರ್

ಎರಡು ವಾರ ಬಾಯಿಗೆ ವಿಶ್ರಾಂತಿ: ರಾತ್ರಿ ಸೆಟ್ಟು ನೀರಿನಲ್ಲಿ, ಶಿಲೀಂಧ್ರಕ್ಕೆ ಔಷಧ, ಹಳೆಯ ಸೆಟ್ಟಿನ ಒಳಗೆ ಮೆತ್ತನೆಯ ಪದರ. ಊದಿದ ಒಸಡಿನ ಮೇಲೆ ಅಚ್ಚು ತೆಗೆದರೆ ಹೊಸ ಡೆಂಚರ್ ಊತಕ್ಕೆ ಸರಿಹೊಂದುತ್ತದೆ, ಊತ ಇಳಿದ ಮೇಲೆ ಮತ್ತೆ ಸಡಿಲ.

ಆಮೇಲೆ ಆಲ್ಜಿನೇಟ್‌ನಲ್ಲಿ ಮೊದಲ ಅಚ್ಚು, ಅದರ ಮೇಲೆ ಆ ಬಾಯಿಗೇ ಮಾಡಿದ ಟ್ರೇ. ಟ್ರೇಯ ಅಂಚು ಬಾಯಿಯ ಮಡಿಕೆಗಿಂತ ಸುಮಾರು 2 ಮಿ.ಮೀ. ಗಿಡ್ಡವಿರಬೇಕು. ಆ ಖಾಲಿ ಜಾಗವನ್ನು ಹಸಿರು ಕಾಂಪೌಂಡ್ ಕಡ್ಡಿ ಕರಗಿಸಿ ತುಂಡು ತುಂಡಾಗಿ ತುಂಬುತ್ತಾ, ಪ್ರತಿ ತುಂಡಿಗೂ ತುಟಿ ಎಳೆಸಿ, ಕೆನ್ನೆ ಆಡಿಸಿ, ನಾಲಿಗೆ ಚಾಚಿಸಿ ಅಂಚು ರೂಪಿಸಬೇಕು. ಕೆಳಗಿನ ಡೆಂಚರಿನ ಭವಿಷ್ಯ ನಿರ್ಧಾರವಾಗುವುದು ಇಲ್ಲಿ. ಅವಸರ ಮಾಡಿ ಇದನ್ನು ಒಂದೇ ಸುತ್ತಿನಲ್ಲಿ ಮುಗಿಸುವವರ ಡೆಂಚರ್‌ಗಳೇ ತೇಲುವುದು. ಬಲಗಡೆ ನರ ಹೊರಬರುವ ಜಾಗದ ಮೇಲೆ ಅಚ್ಚಿಗೆ ಮೊದಲೇ ಮೇಣದ ಪದರವಿಟ್ಟು ಒತ್ತಡ ತಪ್ಪಿಸಲಾಯಿತು.

ದವಡೆಗಳ ಎತ್ತರ ಗೊತ್ತುಮಾಡುವಾಗ 7 ಮಿ.ಮೀ. ಅಂತರವನ್ನು 3ಕ್ಕೆ ತರಲಾಯಿತು. ‘ಸ’ಕಾರದ ಪದಗಳನ್ನು ಹೇಳಿಸಿದಾಗ ಮೇಣದ ಹಲ್ಲುಗಳು ತಾಕದೆ ಒಂದೆರಡು ಮಿ.ಮೀ. ದೂರ ಉಳಿದವು. ತಾಕಿ ಟಕ್ ಎಂದಿದ್ದರೆ ಎತ್ತರ ಜಾಸ್ತಿ ಎಂದರ್ಥ. ಮುಂದಿನ ಹಲ್ಲುಗಳು ಸಹಜವಾಗಿ ಕಚ್ಚಿದಾಗ ಒಂದಕ್ಕೊಂದು ತಾಕದಂತೆ ಜೋಡಿಸಲಾಯಿತು, ಭಾರ ಹಿಂದಿನ ಹಲ್ಲುಗಳ ಮೇಲೆ.

ಹೊಸ ಸೆಟ್ಟು ಆರು ವಾರ ಬಳಸಿದ ಮೇಲೆ ತುಟಿಯ ನೋವು ಹೋಯಿತು, ಮೂಲೆಗಳ ಬಿರುಕು ಮಾಯಿತು, ಮೆತ್ತಗಿನ ಊಟ ಆರಾಮ. ಕೆಲವರು ಇಲ್ಲಿಗೇ ಸಾಕೆನ್ನುತ್ತಾರೆ, ಹಾಗೆನ್ನುವುದು ಪೂರ್ತಿ ಸಮಂಜಸ. ಇವರಿಗೆ ಗಟ್ಟಿ ಪದಾರ್ಥ ಅಗಿದಾಗ ಸೆಟ್ಟು ಇನ್ನೂ ಏಳುತ್ತಿತ್ತು, ಅದಕ್ಕೆ ಮುಂದುವರಿದರು. ಈ ಹೊತ್ತಿಗೆ ಎಚ್‌ಬಿಎ1ಸಿ 7.2. ಒಳ್ಳೆಯ ಡೆಂಚರ್ ಮೊದಲು ಮಾಡಿದ್ದರ ದೊಡ್ಡ ಲಾಭ ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕಿತು: ಅದರದೇ ಪಾರದರ್ಶಕ ನಕಲು ಮಾಡಿ, ಹಲ್ಲು ಎಲ್ಲಿ ಬರುತ್ತದೋ ಅದರ ಕೆಳಗೇ ಇಂಪ್ಲಾಂಟ್ ಬರುವಂತೆ ಮಾರ್ಗದರ್ಶಿ ಪಟ್ಟಿಯಾಗಿ ಬಳಸಲಾಯಿತು. ಡೆಂಚರಿಲ್ಲದೆ ಇಂಪ್ಲಾಂಟ್ ಹಾಕಿದರೆ ಗುಂಡಿ ಹಲ್ಲಿನ ಮುಂದೆಯೋ ನಾಲಿಗೆಯ ಕೆಳಗೋ ಬಂದು, ಅಲ್ಲಿ ಅಕ್ರಿಲಿಕ್ ತೆಳುವಾಗಿ ಮುರಿಯುತ್ತದೆ.

ಎರಡು ಇಂಪ್ಲಾಂಟ್

ಜಾಗ: ಪಕ್ಕದ ಬಾಚಿಹಲ್ಲು ಮತ್ತು ಕೋರೆಹಲ್ಲಿನ ನಡುವೆ, ಎರಡೂ ಕಡೆ ಸಮದೂರ, ನರರಂಧ್ರದಿಂದ ಕನಿಷ್ಠ 5 ಮಿ.ಮೀ. ಮುಂದೆ. ನರ ಹೊರಬರುವ ಮುನ್ನ ಮುಂದಕ್ಕೆ ಹೋಗಿ ಹಿಂದಿರುಗುವ ಕುಣಿಕೆ ಕೆಲವರಲ್ಲಿರುತ್ತದೆ, ಆ 5 ಮಿ.ಮೀ. ಅದಕ್ಕಾಗಿ. ಇಂಪ್ಲಾಂಟ್‌ಗಳನ್ನು ಇನ್ನೂ ಹಿಂದಕ್ಕೆ ಸರಿಸಿದರೆ ಮುಂದಿನ ಹಲ್ಲಲ್ಲಿ ಕಚ್ಚಿದಾಗ ಡೆಂಚರ್ ತೂಗುತ್ತದೆ.

ಚಾಕುವಿನಂಥ ತುದಿಯನ್ನು 3 ಮಿ.ಮೀ. ಸಮಮಾಡಿದ ಮೇಲೆ 7 ಮಿ.ಮೀ. ಅಗಲ, 13 ಮಿ.ಮೀ. ಎತ್ತರ ಉಳಿಯಿತು. 4 ಮಿ.ಮೀ. ದಪ್ಪ, 10 ಮಿ.ಮೀ. ಉದ್ದದ ಇಂಪ್ಲಾಂಟ್: ಸುತ್ತ ಒಂದೂವರೆ ಮಿ.ಮೀ. ಮೂಳೆ. ತುದಿ ಸಮಮಾಡಿದ್ದರಿಂದ ಗುಂಡಿ ಮತ್ತು ಡೆಂಚರ್ ಹಲ್ಲಿನ ನಡುವೆ ಜಾಗವೂ ಸಿಕ್ಕಿತು. ಇಂಥ ಗುಂಡಿಗೆ ಇಂಪ್ಲಾಂಟ್ ತಲೆಯಿಂದ ಹಲ್ಲಿನ ತುದಿಯವರೆಗೆ ಸುಮಾರು 9 ಮಿ.ಮೀ. ಬೇಕೇ ಬೇಕು.

ಕೊರೆಯುವಾಗ ಮೂಳೆ ಬಿಸಿಯಾಗಬಾರದು. 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಮೂಳೆ ಕೋಶಗಳು ಸಾಯುತ್ತವೆ, ಇಂಪ್ಲಾಂಟ್ ಬೆಸೆಯುವುದಿಲ್ಲ. ಹೊಸ ಡ್ರಿಲ್, ನಿಮಿಷಕ್ಕೆ 800ರಿಂದ 1,200 ಸುತ್ತು, ಧಾರಾಳ ತಣ್ಣನೆ ಸಲೈನ್, ಒತ್ತದೆ ಎತ್ತಿ ಎತ್ತಿ ಕೊರೆಯುವುದು. ಈ ಭಾಗ ಸುರಕ್ಷಿತ ಎಂಬ ಹೆಸರಿದ್ದರೂ ಒಂದು ದೊಡ್ಡ ಅಪಾಯವಿದೆ. ನಾಲಿಗೆಯ ಬದಿಯ ಮೂಳೆಯ ಗೋಡೆ ಒಳಕ್ಕೆ ಬಾಗಿದ್ದು, ಡ್ರಿಲ್ ಅದನ್ನು ತೂತು ಮಾಡಿದರೆ ಅಲ್ಲಿನ ರಕ್ತನಾಳ ಹರಿದು ಬಾಯಿಯ ತಳದಲ್ಲಿ ರಕ್ತ ತುಂಬಿ, ನಾಲಿಗೆ ಮೇಲೆದ್ದು ಉಸಿರೇ ಕಟ್ಟಬಹುದು. ಸಾದಾ ಎಕ್ಸ್‌ರೇಯಲ್ಲಿ ಈ ಬಾಗು ಕಾಣುವುದಿಲ್ಲ. ಎರಡೇ ಇಂಪ್ಲಾಂಟ್‌ಗೂ ಅಡ್ಡಸೀಳು ತೋರಿಸುವ ಸ್ಕ್ಯಾನ್ ಬೇಕೆನ್ನುವುದು ಇದಕ್ಕೇ.

ಬಲಗಡೆಯದು 40 ನ್ಯೂಟನ್-ಸೆಂಟಿಮೀಟರ್ ಬಿಗಿಯಲ್ಲಿ ಕೂತಿತು, ಎಡಗಡೆಯದು 20ಕ್ಕೆ. ಹೀಗಾಗಿ ಬಿಗಿಯಾಗಿ ಕೂತ ಬಲಗಡೆಗೆ ಒಸಡಿನ ಮೇಲೆ ಕಾಣುವ ಟೊಪ್ಪಿ, ಬಿಗಿ ಕಡಿಮೆಯಿದ್ದ ಎಡಗಡೆಯದನ್ನು ಒಸಡಿನೊಳಗೇ ಮುಚ್ಚಿ ಹೊಲಿಗೆ.

ಮೂರನೇ ವಾರಕ್ಕೆ ಬಲಗಡೆ ನೋವು. ಡೆಂಚರಿನ ಒಳಗೆ ಹಾಕಿದ್ದ ಮೆತ್ತನೆ ಪದರ ಸವೆದು, ಡೆಂಚರ್ ನೇರ ಟೊಪ್ಪಿಯ ಮೇಲೆ ಕೂತು ಅಗಿದಾಗಲೆಲ್ಲ ಇಂಪ್ಲಾಂಟನ್ನು ಅಲುಗಿಸುತ್ತಿತ್ತು. ಬೆಸೆಯುವ ಕಾಲದಲ್ಲಿ ಸುಮಾರು 150 ಮೈಕ್ರಾನ್‌ಗಿಂತ ಹೆಚ್ಚು ಅಲುಗಿದರೆ ಮೂಳೆಯ ಬದಲು ನಾರಿನ ಪದರ ಬೆಳೆದು ಇಂಪ್ಲಾಂಟ್ ಸಡಿಲವಾಗುತ್ತದೆ. ಒತ್ತಡ ತೋರಿಸುವ ಬಿಳಿ ಪೇಸ್ಟ್ ಬಳಿದು ನೋಡಿದಾಗ ದುಂಡನೆಯ ಗುರುತು ಎದ್ದುಬಂತು. ಅಲ್ಲಿ 2 ಮಿ.ಮೀ. ಆಳ ಕೆತ್ತಿ ಹೊಸ ಮೆತ್ತನೆ ಪದರ ಹಾಕಿ, ಒಂದು ವಾರ ಮೆತ್ತಗಿನ ಊಟಕ್ಕೆ ಹೇಳಲಾಯಿತು. ಇಂಪ್ಲಾಂಟ್ ಉಳಿಯಿತು. ಇನ್ನೊಂದು ತಿಂಗಳು ನೋವು ನುಂಗಿಕೊಂಡು ಸುಮ್ಮನಿದ್ದಿದ್ದರೆ ಉಳಿಯುತ್ತಿತ್ತೆಂದು ಹೇಳಲಾಗದು.

ಗುಂಡಿಗೆ ಕಚ್ಚಿಸುವುದು

ಕೆಳದವಡೆಗೆ ಎಂಟು ವಾರ ಸಾಕಾಗಬಹುದಿತ್ತು. ಸಕ್ಕರೆಯ ಕಾರಣ 12 ವಾರ ಕಾಯಲಾಯಿತು. ಒಸಡಿನ ದಪ್ಪ ಅಳೆದು, ಗುಂಡಿ ಒಸಡಿನಿಂದ ಸುಮಾರು ಒಂದೂವರೆ ಮಿ.ಮೀ. ಮೇಲೆ ನಿಲ್ಲುವ ಎತ್ತರದ್ದನ್ನು ಆರಿಸಿ ಬಿಗಿಯಲಾಯಿತು. ತಗ್ಗಾಗಿದ್ದರೆ ಒಸಡು ಅದರ ಮೇಲೆ ಬೆಳೆದು ಡೆಂಚರ್ ಪೂರ್ತಿ ಕೂರುವುದಿಲ್ಲ.

ಡೆಂಚರಿನೊಳಗೆ, ಗುಂಡಿಗೆ ಕಚ್ಚಿಕೊಳ್ಳುವ ಬೇರೆಯೇ ಲೋಹದ ಟೊಪ್ಪಿಗಳನ್ನು ಅಂಟಿಸುವ ಹಂತದಲ್ಲಿ ಆಗುವ ಅನಾಹುತ ಒಂದೇ ಬಗೆಯದು. ಟೊಪ್ಪಿಯ ಕೆಳಗೆ ತಡೆಬಳೆ ಇಡುವುದನ್ನು ಮರೆತರೆ ಹಸಿ ಅಕ್ರಿಲಿಕ್ ಗುಂಡಿಯ ಕೆಳಗಿನ ಸಂದಿಗೆ ಹರಿದು ಗಟ್ಟಿಯಾಗುತ್ತದೆ, ಡೆಂಚರ್ ಬಾಯಲ್ಲೇ ಬೀಗ ಹಾಕಿದಂತೆ ಸಿಕ್ಕಿಬೀಳುತ್ತದೆ, ಕೊರೆದೇ ತೆಗೆಯಬೇಕಾಗುತ್ತದೆ. ಬಿಳಿ ಬಳೆ ಗುಂಡಿಯ ಬುಡಕ್ಕೆ, ಮೇಲೆ ಟೊಪ್ಪಿ, ಡೆಂಚರಿನ ಕುಳಿ ಟೊಪ್ಪಿಗೆ ಎಲ್ಲೂ ತಾಗದಷ್ಟು ಅಗಲ, ನಾಲಿಗೆಯ ಬದಿ ಹೆಚ್ಚಿನ ಅಕ್ರಿಲಿಕ್ ಹೊರಬರಲು ಸಣ್ಣ ತೂತು. ಗಟ್ಟಿಯಾಗುವ ತನಕ ಹಗುರವಾಗಿ ಮಾತ್ರ ಕಚ್ಚಿರಬೇಕು. ಜೋರಾಗಿ ಕಚ್ಚಿದರೆ ಒಸಡು ಅದುಮಿಕೊಂಡ ಸ್ಥಿತಿಯಲ್ಲೇ ಟೊಪ್ಪಿ ಕೂತು, ಆಮೇಲೆ ಡೆಂಚರ್ ಒಸಡಿನ ಮೇಲೆ ನಿಲ್ಲದೆ ಎರಡು ಗುಂಡಿಗಳ ಮೇಲೆ ತೂಗಾಡುತ್ತದೆ. ಭಾರ ಹೊರುವುದು ಒಸಡು, ಹಿಡಿದಿಡುವುದು ಗುಂಡಿ.

ಟೊಪ್ಪಿಯೊಳಗೆ ಬೇರೆ ಬೇರೆ ಬಿಗಿಯ ನೈಲಾನ್ ತುಂಡುಗಳು ಸಿಗುತ್ತವೆ. ಇಲ್ಲಿ ಎಲ್ಲಕ್ಕಿಂತ ಹಗುರದ್ದನ್ನೇ ಹಾಕಲಾಯಿತು. ಬಿಗಿಯದು ಹಾಕಿದ್ದರೆ ಆ ಬೆರಳುಗಳಿಗೆ ಕೀಳಲಾಗದೆ ರಾತ್ರಿಯೆಲ್ಲ ಬಾಯಲ್ಲೇ ಇಟ್ಟುಕೊಂಡು, ಅಂಗುಳಕ್ಕಾದದ್ದೇ ಗುಂಡಿಯ ಸುತ್ತಲೂ ಆಗುತ್ತಿತ್ತು. ಎರಡೂ ಹೆಬ್ಬೆರಳನ್ನು ಹಿಂದಿನ ಅಂಚಿನ ಕೆಳಗಿಟ್ಟು ಎರಡು ಕಡೆ ಒಟ್ಟಿಗೆ ಎತ್ತುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಸಲಾಯಿತು. ಹಾಕುವಾಗ ಹಲ್ಲಿನಿಂದ ಕಚ್ಚಿ ಕೂರಿಸಬಾರದು, ಬೆರಳಿನಿಂದಲೇ ಒತ್ತಬೇಕು. ಓರೆಯಾಗಿ ಕಚ್ಚಿದರೆ ನೈಲಾನ್ ಸೀಳುತ್ತದೆ.

ಇದೇ ಉತ್ತರ ಎಲ್ಲರದ್ದಲ್ಲ

ಅಕ್ಕಪಕ್ಕದ ಹಲ್ಲು ಗಟ್ಟಿಯಾಗಿದ್ದು ಒಂದೇ ಹಲ್ಲು ಹೋಗಿದ್ದರೆ, ಮೂಳೆಯೂ ಇದ್ದರೆ, ಒಂಟಿ ಇಂಪ್ಲಾಂಟ್ ಸಾಮಾನ್ಯವಾಗಿ ಉತ್ತಮ, ಪಕ್ಕದ ಹಲ್ಲು ಅರೆಯಬೇಕಿಲ್ಲ. ದವಡೆಯ ಬೆಳವಣಿಗೆ ಮುಗಿಯದ ಹದಿಹರೆಯದವರಿಗೆ ಬೇಡ: ದವಡೆ ಬೆಳೆಯುತ್ತದೆ, ಇಂಪ್ಲಾಂಟ್ ಅಲ್ಲೇ ಹುದುಗುತ್ತದೆ. ಕುತ್ತಿಗೆ, ದವಡೆಗೆ ವಿಕಿರಣ ಚಿಕಿತ್ಸೆ ಆಗಿದ್ದವರು ಆ ಚಿಕಿತ್ಸೆ ನೀಡಿದ ತಂಡವನ್ನು ಕೇಳದೆ ಹಲ್ಲೂ ಕೀಳಿಸಬಾರದು. ನಿತ್ಯ ಶುಚಿ ಮಾಡಿಕೊಳ್ಳಲು ಆಗದವರಿಗೆ, ಮಾಡಿಸುವವರೂ ಇಲ್ಲದಿದ್ದರೆ, ಚೆನ್ನಾಗಿ ಮಾಡಿದ ಸಾದಾ ಡೆಂಚರ್ ಹೆಚ್ಚು ಸುರಕ್ಷಿತ.

ಒಂದು ವರ್ಷದ ನಂತರ

ಕೆಳಗಿನ ಡೆಂಚರ್ ಊಟದಲ್ಲೂ ಬಾಯಲ್ಲಿದೆ, ಅಂಟು ಬೇಕಾಗಿಲ್ಲ. ಎಕ್ಸ್‌ರೇಯಲ್ಲಿ ಇಂಪ್ಲಾಂಟ್ ಸುತ್ತ ಮೂಳೆ ಒಂದು ಮಿ.ಮೀ.ಗಿಂತ ಕಡಿಮೆ ಇಳಿದಿದೆ. ಮೊದಲ ವರ್ಷಕ್ಕೆ ಅಷ್ಟು ಸಹಜ. ನೈಲಾನ್ ತುಂಡುಗಳು ಸವೆದಿದ್ದವು, ಐದು ನಿಮಿಷದಲ್ಲಿ ಬದಲಾದವು.

ಹೊಸ ದೂರು ಬಂದದ್ದು ಮೇಲಿನಿಂದ: ಮುಂದಿನ ಹಲ್ಲಲ್ಲಿ ಕಚ್ಚಿದರೆ ಮೇಲಿನ ಸೆಟ್ಟಿನ ಹಿಂಬದಿ ಸಡಿಲ ಅನಿಸುತ್ತದೆ. ಕೆಳಗೆ ಗಟ್ಟಿ ಹಿಡಿತ ಸಿಕ್ಕವರು ತಮಗರಿವಿಲ್ಲದೆ ಮುಂದಿನ ಹಲ್ಲಲ್ಲಿ ಕಚ್ಚತೊಡಗುತ್ತಾರೆ. ಪರೀಕ್ಷಿಸಿದಾಗ ಕೆಳಗಿನ ಡೆಂಚರಿನ ಹಿಂಭಾಗದ ಅಡಿಯಲ್ಲಿ ಮೂಳೆ ಇಳಿದು ಸಣ್ಣ ಟೊಳ್ಳು ಬಂದಿತ್ತು, ಅದರಿಂದ ಹಿಂದಿನ ಹಲ್ಲುಗಳ ಒತ್ತು ಕಡಿಮೆಯಾಗಿ ಭಾರ ಮುಂದಕ್ಕೆ ಸರಿದಿತ್ತು. ದೂರು ಮೇಲಿನದ್ದಾದರೂ ಒಳಪದರ ಹಾಕಬೇಕಾದದ್ದು ಕೆಳಗಿನದಕ್ಕೆ. ಹಿಂಭಾಗಕ್ಕೆ ಹೊಸ ಅಕ್ರಿಲಿಕ್ ಪದರ ಹಾಕಿ ಕಚ್ಚು ಸರಿಪಡಿಸಿದ ಮೇಲೆ ಮೇಲಿನದು ಮತ್ತೆ ನಿಂತಿತು. ಆರು ತಿಂಗಳಿಗೊಮ್ಮೆ ಬಂದಾಗ ಗುಂಡಿಗಳ ಸುತ್ತ ರಕ್ತ ಒಸರುತ್ತದೆಯೇ ಎಂದು ನೋಡುವುದರ ಜೊತೆಗೆ, ಈ ಟೊಳ್ಳನ್ನು ಪೇಸ್ಟ್ ಹಾಕಿ ಪರೀಕ್ಷಿಸುವುದು ಅವರ ಕಡತದಲ್ಲಿ ಈಗ ಬರೆದಿಟ್ಟ ಕೆಲಸ.